ಗೆರೆ ಸೊಟ್ಟಗೆ ಕಂಡರೆ ಉದಾಸೀನ ಬೇಡ

ನಿವೃತ್ತ ಶಾಲಾ ಮಾಸ್ತರರೊಬ್ಬರು ರಕ್ತದೊತ್ತಡ ಪರೀಕ್ಷೆಗೆಂದು ತಿಂಗಳಿಗೊಮ್ಮೆ ನನ್ನ ಬಳಿ ಬರುತ್ತಾರೆ. ವಯಸ್ಸು ಎಪ್ಪತ್ತರ ಮೇಲೆ. ಕೆಲವು ವರ್ಷಗಳ ಹಿಂದೆ ಒಮ್ಮೆ ಹೊರಡುವಾಗ, “ಡಾಕ್ಟ್ರೇ, ಯಾಕೋ ಕಿಟಕಿ ಸರಳು ಸೊಟ್ಟಗೆ ಕಾಣುತ್ತೆ” ಎಂದರು. “ಪೊರೆ ಬರ್ತಿರಬೇಕು ಮೇಷ್ಟ್ರೇ, ಆಮೇಲೆ ನೋಡೋಣ” ಎಂದುಬಿಟ್ಟೆ. ನಾಲ್ಕು ತಿಂಗಳ ಬಳಿಕ ಅವರು ನೇತ್ರತಜ್ಞರಲ್ಲಿಗೆ ಹೋಗುವಷ್ಟರಲ್ಲಿ ಎಡಗಣ್ಣಿನ ನಡುನೋಟ ಹೋಗಿತ್ತು. ಅದು ಪೊರೆಯಾಗಿರಲಿಲ್ಲ. ತಪ್ಪು ನನ್ನದು. ಓದುಗರಲ್ಲಿ ಯಾರಿಗೂ ಹೀಗಾಗದಿರಲಿ ಎಂದು ಈ ಲೇಖನ.

ಏನಿದು ಕಾಯಿಲೆ?

ಕಣ್ಣಿನ ಹಿಂಭಾಗದಲ್ಲಿರುವ ತೆಳುವಾದ ಪದರವೇ ಅಕ್ಷಿಪಟಲ, ಅಂದರೆ ರೆಟಿನಾ. ಕ್ಯಾಮೆರಾಕ್ಕೆ ಫಿಲಂ ಇದ್ದಂತೆ. ಇದರ ನಟ್ಟನಡುವಿನ ಪುಟ್ಟ ಭಾಗಕ್ಕೆ ಮ್ಯಾಕ್ಯುಲಾ ಎಂದು ಹೆಸರು. ನಾವು ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖ ಗುರುತಿಸುವುದು ಇದರ ಬಲದಿಂದ. ವಯಸ್ಸಾದಂತೆ ಕೆಲವರಲ್ಲಿ ಮ್ಯಾಕ್ಯುಲಾ ಸವೆಯುತ್ತದೆ. ಇದರಲ್ಲಿ ಎರಡು ಬಗೆ. ಒಣ ಬಗೆಯದು ನಿಧಾನವಾಗಿ ಬೆಳೆಯುತ್ತದೆ. ತೇವದ ಬಗೆಯದು ಹೆಚ್ಚು ಅವಸರದ್ದು. ಇದರಲ್ಲಿ ಅಕ್ಷಿಪಟಲದ ಕೆಳಗೆ ಬೇಡದ ಹೊಸ ರಕ್ತನಾಳಗಳು ಹುಟ್ಟುತ್ತವೆ. ಇವು ದುರ್ಬಲ, ನೀರು ಮತ್ತು ರಕ್ತ ಸೋರುತ್ತದೆ. ಪದರ ಉಬ್ಬುವುದರಿಂದ ನೇರ ಗೆರೆ ಡೊಂಕಾಗಿ ಕಾಣುತ್ತದೆ. ಹಾಗೆಯೇ ಬಿಟ್ಟರೆ ಕಲೆ ಕಟ್ಟಿ, ಹೋದ ನೋಟ ಮರಳುವುದಿಲ್ಲ.

ಹೊಸ ರಕ್ತನಾಳ ಏಕೆ ಬೆಳೆಯುತ್ತದೆ?

ನಮ್ಮ ದೇಹದಲ್ಲಿ ವಿಇಜಿಎಫ್ ಎಂಬ ಪ್ರೋಟೀನು ಇದೆ. ರಕ್ತನಾಳ ಬೆಳೆಸುವುದು ಇದರ ಕೆಲಸ. ಗರ್ಭದಲ್ಲಿ ಮಗು ಬೆಳೆಯಲು, ಗಾಯ ಮಾಯಲು ಇದು ಬೇಕೇ ಬೇಕು. ಆದರೆ ಕಣ್ಣಿನಲ್ಲಿ ಅತಿಯಾದರೆ ಅನಾಹುತ. 1989ರಲ್ಲಿ ಅಮೆರಿಕದ ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಇದನ್ನು ಹಿಡಿದು ಕಟ್ಟಿಹಾಕುವುದು ಹೇಗೆ ಎಂಬುದು ಮುಂದಿನ ಪ್ರಶ್ನೆಯಾಯಿತು.

ಉತ್ತರ ಬಂದದ್ದು ಅನಿರೀಕ್ಷಿತ ಕಡೆಯಿಂದ. ಆರ್‌ಎನ್‌ಎ ಎಂದರೆ ಜೀವಕೋಶದಲ್ಲಿ ಸಂದೇಶ ಒಯ್ಯುವ ಎಳೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಈ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ನಾನಾ ಆಕಾರ ತಾಳಬಲ್ಲದು. 1990ರಲ್ಲಿ ಅಮೆರಿಕದ ಎರಡು ತಂಡಗಳು ಇದನ್ನು ಬೇರೆ ಬೇರೆಯಾಗಿಯೇ ಬಳಸಿಕೊಂಡವು. ಕೊಲರಾಡೋದಲ್ಲಿ ಟರ್ಕ್ ಮತ್ತು ಗೋಲ್ಡ್, ಬಾಸ್ಟನ್‌ನಲ್ಲಿ ಎಲಿಂಗ್ಟನ್ ಮತ್ತು ಶೋಸ್ಟಾಕ್. ಲಕ್ಷ ಕೋಟಿಗಳ ಲೆಕ್ಕದಲ್ಲಿ ಬಗೆಬಗೆಯ ಆರ್‌ಎನ್‌ಎ ಎಳೆಗಳನ್ನು ಬೇಕಾದ ವಸ್ತುವಿನ ಜೊತೆ ಬೆರೆಸುವುದು, ಅಂಟದವನ್ನು ತೊಳೆದುಹಾಕುವುದು, ಅಂಟಿದವನ್ನು ಮತ್ತೆ ಬೆಳೆಸುವುದು. ಮೊರದಲ್ಲಿ ಕಾಳು ಕೇರಿದಂತೆ ಇದನ್ನು ಮತ್ತೆ ಮತ್ತೆ ಮಾಡಿದರೆ, ಬೀಗಕ್ಕೆ ಕೀಲಿಯಂತೆ ಹೊಂದುವ ಕೆಲವೇ ಎಳೆ ಉಳಿಯುತ್ತವೆ. ಇವೇ ಆಪ್ಟಮರ್‌ಗಳು. ಲ್ಯಾಟಿನ್ ಭಾಷೆಯಲ್ಲಿ ‘ಆಪ್ಟಸ್’ ಎಂದರೆ ಹೊಂದಿಕೊಳ್ಳುವುದು.

ಔಷಧಿಯಾದ ಆರ್‌ಎನ್‌ಎ

ಹೀಗೆ ವಿಇಜಿಎಫ್‌ಗೆ ಅಂಟುವ, 28 ಕೊಂಡಿಗಳ ಒಂದು ಆಪ್ಟಮರ್ ಸಿಕ್ಕಿತು. ಬರಿಯ ಆರ್‌ಎನ್‌ಎ ದೇಹದಲ್ಲಿ ಬೇಗನೆ ಚೂರಾಗುತ್ತದೆ. ಆದ್ದರಿಂದ ರಾಸಾಯನಿಕ ಬದಲಾವಣೆ ಮಾಡಿ ಗಟ್ಟಿಗೊಳಿಸಿದರು. ಅದೇ ಪೆಗಾಪ್ಟಾನಿಬ್. 2004ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆಪ್ಟಮರ್ ಒಂದು ಔಷಧಿಯಾದದ್ದು ಅದೇ ಮೊದಲು. ಆರು ವಾರಕ್ಕೊಮ್ಮೆ ಕಣ್ಣಿನೊಳಗೆ ಚುಚ್ಚುಮದ್ದು. ಪ್ರಯೋಗದಲ್ಲಿ ಒಂದು ವರ್ಷದ ಕೊನೆಗೆ, ಔಷಧಿ ಪಡೆದ 100 ಜನರಲ್ಲಿ 70 ಮಂದಿಯ ದೃಷ್ಟಿ ತೀವ್ರವಾಗಿ ಕುಸಿಯಲಿಲ್ಲ; ಪಡೆಯದವರಲ್ಲಿ ಈ ಸಂಖ್ಯೆ 55.

ಆದರೆ ಇದು ನೋಟ ಕೆಡುವುದನ್ನು ತಡೆಯಿತೇ ಹೊರತು ಹೆಚ್ಚಿನವರಲ್ಲಿ ಸುಧಾರಿಸಲಿಲ್ಲ. ವಿಇಜಿಎಫ್‌ನ ಹಲವು ರೂಪಗಳಲ್ಲಿ ಮುಖ್ಯವಾದ ಒಂದನ್ನು ಮಾತ್ರ ಇದು ಹಿಡಿಯುತ್ತಿತ್ತು. 2006ರಲ್ಲಿ ಒಪ್ಪಿಗೆ ಪಡೆದ ರಾನಿಬಿಜುಮ್ಯಾಬ್ ಎಲ್ಲ ಮುಖ್ಯ ರೂಪಗಳನ್ನೂ ಹಿಡಿಯಿತು. ಸುಮಾರು ಮೂರರಲ್ಲಿ ಒಬ್ಬರಿಗೆ ನೋಟ ಗಣನೀಯವಾಗಿ ಸುಧಾರಿಸಿತು. ಹಳೆಯದು ಹಿಂದೆ ಸರಿಯಿತು. ಕರುಳಿನ ಕ್ಯಾನ್ಸರಿಗೆಂದು ಬಂದ, ಬೆಲೆ ಬಹಳ ಕಡಿಮೆಯ ಬೆವಸಿಜುಮ್ಯಾಬ್ ಕೂಡ ದೃಷ್ಟಿಯ ಮಟ್ಟಿಗೆ ಇದಕ್ಕೆ ಸಮ ಎಂದು 2011ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಆಪ್ಟಮರ್‌ಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ. ಒಣ ಬಗೆಯ ಮುಂದುವರಿದ ಹಂತ ನಿಧಾನವಾಗಲೆಂದು, ಬೇರೊಂದು ಪ್ರೋಟೀನನ್ನು ಹಿಡಿಯುವ ಆಪ್ಟಮರ್‌ಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತಿದೆ.

ನೀವೇನು ಮಾಡಬೇಕು?

ಎಷ್ಟೇ ಒಳ್ಳೆಯ ಔಷಧಿಯಾದರೂ ಕಲೆ ಕಟ್ಟುವ ಮೊದಲು ಸಿಕ್ಕಬೇಕು. ಐವತ್ತು ದಾಟಿದವರು ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಚೌಕಗಳನ್ನು ನೋಡಿ. ನಂತರ ಇನ್ನೊಂದು ಕಣ್ಣು. ಎರಡೂ ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮುಚ್ಚಿಬಿಡುತ್ತದೆ. ಗೆರೆ ಬಾಗಿದ್ದರೆ ಅಥವಾ ನಡುವೆ ಮಸುಕು ಕಲೆ ಇದ್ದರೆ ತಡಮಾಡದೆ ಅಕ್ಷಿಪಟಲದ ತಜ್ಞರನ್ನು ಕಾಣಿ. ಬೀಡಿ, ಸಿಗರೇಟು ಬಿಡಿ; ಈ ಕಾಯಿಲೆಗೆ ಧೂಮಪಾನ ದೊಡ್ಡ ಕಾರಣ.

ಕಣ್ಣಿಗೆ ಚುಚ್ಚುಮದ್ದು ಎಂದೊಡನೆ ಹೆದರುವವರು ಬಹಳ. ಹನಿ ಹಾಕಿ ಮರಗಟ್ಟಿಸಿ ಕೊಡುವುದರಿಂದ ನೋವು ಅಲ್ಪ. ಆದರೆ ಮತ್ತೆ ಮತ್ತೆ ಬೇಕಾಗುತ್ತದೆ, ನಡುವೆ ನಿಲ್ಲಿಸಬಾರದು. ಚುಚ್ಚಿಸಿಕೊಂಡ ನಂತರ ಕಣ್ಣು ಕೆಂಪಾಗಿ, ನೋವು ಹೆಚ್ಚಿ, ನೋಟ ಮಂಜಾದರೆ ಸೋಂಕಿರಬಹುದು. ಅಂದೇ ವೈದ್ಯರಲ್ಲಿಗೆ ಹೋಗಿ.

ನಮ್ಮ ಮೇಷ್ಟ್ರು ದಿನಾ ಬೆಳಗ್ಗೆ ಕ್ಯಾಲೆಂಡರ್ ನೋಡುವ ಅಭ್ಯಾಸ ಮಾಡಿಕೊಂಡರು. ಕಳೆದ ವರ್ಷ ಬಲಗಣ್ಣಿಗೆ ಗೆರೆ ಬಾಗಿ ಕಂಡಾಗ ಮರುದಿನವೇ ಆಸ್ಪತ್ರೆಯಲ್ಲಿದ್ದರು. ಚುಚ್ಚುಮದ್ದು ಇನ್ನೂ ನಡೆದಿದೆ. ಈ ಪತ್ರಿಕೆಯನ್ನು ಅವರೇ ಓದುತ್ತಾರೆ.