ಸೇನಾಸ್ವತ್ತುಗಳ ಲೋಕೋಪಯೋಗ

ಯುದ್ಧಕ್ಕಾಗಿ ಏರ್ಪಟ್ಟ ಸಂಸ್ಥೆಗಳೂ ಕಟ್ಟಡಗಳೂ ಶಾಂತಿಕಾಲದಲ್ಲಿ ಏನಾಗತಕ್ಕವು? ಅವನ್ನು ಕೆಡಹದೆಯೂ ಪಾಳುಬಿಡದೆಯೂ ಜನರ ವ್ಯವಸಾಯಕ್ಕೋ ವಿನೋದಕ್ಕೋ ಒದಗಿಸಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಎರಡು ನಿದರ್ಶನಗಳುಂಟು. ಒಂದು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯದು, ಮತ್ತೊಂದು ಬೆಂಗಳೂರಿನದು.

ಮೊದಲನೆಯದು ಅಮೃತಮಹಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ‘ಬೆಣ್ಣೆ ಚಾವಡಿ’ಯೆಂಬ ಹೆಸರಿನಿಂದ ಅರಮನೆಗೆ ಹಾಲುಬೆಣ್ಣೆಗಳನ್ನು ಒದಗಿಸುತ್ತಿದ್ದ ಈ ಇಲಾಖೆಯನ್ನು ಹೈದರನು ದಂಡಿನ ಕೆಲಸಕ್ಕೆ ತಿರುಗಿಸಿದನು, ಟಿಪ್ಪುವು ಅದಕ್ಕೆ ಅಮೃತಮಹಲೆಂದು ಹೆಸರಿಟ್ಟನು. ಫಿರಂಗಿಗಳನ್ನು ವೇಗವಾಗಿ ಎಳೆಯಬಲ್ಲ ಎತ್ತುಗಳು ಅದರ ಕಾವಲುಗಳಲ್ಲಿ ಬೆಳೆದವು. 1799ರಲ್ಲಿ ಅದು ಇಂಗ್ಲಿಷರ ಕೈಸೇರಿತು. 1860ರಲ್ಲಿ ಅವರು ಮಿತವ್ಯಯಕ್ಕೆಂದು ಮಂದೆಗಳನ್ನು ಮಾರಿಬಿಟ್ಟರು. ಆದರೆ ಒಳ್ಳೆಯ ಎತ್ತುಗಳು ದೊರೆಯದೆ, ಕೆಲವೇ ವರ್ಷಗಳಲ್ಲಿ ಇಲಾಖೆಯನ್ನು ಮತ್ತೆ ಸ್ಥಾಪಿಸಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂದಿತು; 1923ರಲ್ಲಿ ವ್ಯವಸಾಯದ ಇಲಾಖೆಗೆ ಸೇರಿತು. ಅಜ್ಜಂಪುರದಲ್ಲಿ ತಳಿಸಂವರ್ಧನ ಕೇಂದ್ರವು ನೆಲೆಗೊಂಡಿತು. ದಂಡಿಗೆ ಬೇಕಾಗಿದ್ದ ವೇಗವೂ ಸಹಿಷ್ಣುತೆಯೂ ರೈತನ ಬಂಡಿಗೂ ನೇಗಿಲಿಗೂ ಒದಗಿದವು. ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳಿಗೂ ಆಶ್ರಯವಾಗಿದೆ.

ಎರಡನೆಯದು ಕಟ್ಟಡದ ವಿಷಯ. 1868ರಲ್ಲಿ ಹುಟ್ಟಿದ ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂಬ ಸ್ವಯಂಸೇವಕ ದಳಕ್ಕೆ ಕಬ್ಬನ್ ರಸ್ತೆಯಲ್ಲಿ ಒಂದು ಕಟ್ಟಡವಿದ್ದಿತು. ಅದು ಮುಂದೆ ಚಲಚ್ಚಿತ್ರಮಂದಿರವಾಯಿತು; ‘ಬಿ. ಆರ್. ವಿ.’ ಎಂಬ ಮೂರಕ್ಷರಗಳಲ್ಲಿ ಹಳೆಯ ದಳದ ಹೆಸರು ಮಾತ್ರ ಉಳಿಯಿತು. ಸಾಮಾನ್ಯವಾಗಿ ಕವಾಯತಿನ ಶಾಲೆಗಳು ವಿನೋದಕ್ಕೆ ಸುಲಭವಾಗಿ ಒಗ್ಗುತ್ತವೆ: ನಡುವೆ ಕಂಬಗಳ ಅಡ್ಡಿಯಿಲ್ಲ, ಚಾವಣಿ ಎತ್ತರ, ನೆಲ ಗಟ್ಟಿ. ಇಂಗ್ಲೆಂಡಿನಲ್ಲಿ ಇಂಥ ಅನೇಕ ಶಾಲೆಗಳು ನೃತ್ಯಕ್ಕೂ ಒಳಾಂಗಣದ ಆಟಗಳಿಗೂ ಒದಗಿವೆ. ಆದರೆ ಬರಿಯ ಗೋಡೆಗಳು ಮಾತನ್ನು ಪ್ರತಿಧ್ವನಿಗೊಳಿಸುವುವು. ಶಿಸ್ತಿನ ಸಾಲಿಗೆ ಸಾಕಾಗುತ್ತಿದ್ದ ಒಂದೆರಡು ಬಾಗಿಲುಗಳು ಬೆಂಕಿಗೆ ಬೆದರಿದ ಜನಸಂದಣಿಗೆ ಸಾಲವು. ಆದುದರಿಂದ ಧ್ವನಿಯನ್ನು ಹೀರುವ ಹೊದಿಕೆ, ಗಾಳಿಯ ಸಂಚಾರ, ಹೊರಹೋಗುವ ದಾರಿಗಳು, ಇವುಗಳನ್ನು ಹಳೆಯ ಗೋಡೆಗಳಿಗೆ ಭಂಗಬಾರದಂತೆ ಸೇರಿಸಬೇಕಾಗುವುದು.

ಈ ಎರಡು ಪರಿವರ್ತನೆಗಳ ಗತಿ ಒಂದೇ ಆಗಲಿಲ್ಲ. ಚಲಚ್ಚಿತ್ರಮಂದಿರವು ಮತ್ತೆ ಸೇನೆಯ ಉಪಯೋಗಕ್ಕೆ ಹಿಂದಿರುಗಿ ಯೋಧರ ಕ್ಯಾಂಟೀನಾಯಿತು. ಅಮೃತಮಹಲಾದರೋ ದಂಡಿಗೆ ಮರಳಲಿಲ್ಲ. ಒಂದು ಕಡೆ ಉಪಯೋಗವು ಬದಲಾಯಿತು. ಮತ್ತೊಂದು ಕಡೆ ಉಪಯೋಗದೊಡನೆ ಆಡಳಿತವೂ ಕೈಬದಲಾಯಿಸಿತು. ಹಳೆಯ ಸೇನಾಗೃಹವನ್ನು ಜನರ ವಿನೋದಕ್ಕೆ ಒದಗಿಸಬೇಕೆನ್ನುವವರು ಆಸನಗಳನ್ನು ಹಾಕಿಸುವುದಕ್ಕೆ ಮುಂಚೆ, ಅದರ ಸ್ವಾಮ್ಯವು ಯಾರಲ್ಲಿ, ಎಷ್ಟು ಕಾಲ ನಿಲ್ಲುವುದೆಂಬುದನ್ನು ಪತ್ರಮುಖೇನ ನಿಶ್ಚಯಿಸಿಕೊಳ್ಳುವುದು ಅವಶ್ಯಕವು.