ಹತ್ತು ರೂಪಾಯಿ ಮದ್ದಿನ ಹೊತ್ತುಗೊತ್ತು

ಹೊರ ಜಿಲ್ಲೆಯ ಕಾರೊಂದು ಅಂಕೋಲಾ ಪೇಟೆಯಲ್ಲಿ ನಿಂತು ದಾರಿ ಕೇಳಿದರೆ, ಹಿಂದಿನ ಸೀಟಿನಲ್ಲಿ ಒರಗಿದವರನ್ನು ನೋಡಿ ರಿಕ್ಷಾದವರೇ ಮೊದಲು ಕೇಳುತ್ತಾರೆ: ‘ಬೆಳಂಬಾರಕ್ಕಾ?’ ಲಕ್ವಾ ಹೊಡೆದವರಿಗೆ ಇಲ್ಲಿ ಕೊಡುವ ನಾಟಿ ಮದ್ದಿನಿಂದ ಈ ಕಡಲಂಚಿನ ಊರು ಹೆಸರಾಗಿದೆ. ಆ ಮದ್ದಿನ ಗುಣಾವಗುಣ ಈ ಲೇಖನದ ವಿಷಯವಲ್ಲ. ಹೋಗಿಬಂದವರು ಮದ್ದಿಗಿಂತ ಹೆಚ್ಚಾಗಿ ಪಥ್ಯದ ಮಾತಾಡುತ್ತಾರೆ: ಎಷ್ಟು ದಿನ, ಯಾವ ಹೊತ್ತಿಗೆ, ಏನು ವರ್ಜ್ಯ. ನಾಟಿ ಮದ್ದಿಗೆ ಇಷ್ಟು ಭಯಭಕ್ತಿ ತೋರುವ ನಾವು, ಕೋವಿಡ್ ಹಬ್ಬಿದ್ದ 2021ರ ಮೇ ತಿಂಗಳಲ್ಲಿ ಇಂಗ್ಲಿಷ್ ಮದ್ದೊಂದನ್ನು ಯಾವ ಪಥ್ಯವೂ ಇಲ್ಲದೆ ನುಂಗಿದೆವು.

ಅದರ ಹೆಸರು ಡೆಕ್ಸಾಮೆಥಸೋನ್. ಮೆಡಿಕಲ್ ಶಾಪಿನ ಭಾಷೆಯಲ್ಲಿ ಡೆಕ್ಸಾ. 1950ರ ದಶಕದಿಂದ ಇರುವ ಹಳೆಯ ಸ್ಟೀರಾಯ್ಡ್. ಇಂಜೆಕ್ಷನ್ ಬಾಟ್ಲಿಗೆ ಹತ್ತು ರೂಪಾಯಿ ಆಸುಪಾಸು. ಗಂಟುನೋವಿಗೆ, ಉಬ್ಬಸಕ್ಕೆ, ಮೈ ತುರಿಕೆಗೆ ನಮ್ಮ ಹಳ್ಳಿಗಳಲ್ಲಿ ಇದರ ಬಂಧುಬಳಗವನ್ನು ಕಾಣದ ಮನೆ ಕಡಿಮೆ. ‘ಅವರ ಸೂಜಿ ಹಾಕಿಸಿಕೊಂಡರೆ ಸಂಜೆಗೆ ಎದ್ದು ಓಡಾಡಬಹುದು’ ಎಂದು ಹೆಸರು ಮಾಡಿದ ಎಷ್ಟೋ ಕೈಗುಣಗಳ ಹಿಂದಿನ ಗುಟ್ಟು ಇದೇ.

ಇಂಥ ಅಗ್ಗದ ಮದ್ದು 2020ರ ಜೂನ್ 16ರಂದು ಜಗತ್ತಿನ ಸುದ್ದಿಯಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ಮುನ್ನಡೆಸಿದ ‘ರಿಕವರಿ’ ಪ್ರಯೋಗದ ಫಲಿತಾಂಶ ಅಂದು ಹೊರಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 2,104 ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ ಹತ್ತು ದಿನ ಡೆಕ್ಸಾ ಕೊಟ್ಟರು. 4,321 ಮಂದಿಗೆ ಎಂದಿನ ಚಿಕಿತ್ಸೆ ಮಾತ್ರ. ವೆಂಟಿಲೇಟರ್‌ನಲ್ಲಿದ್ದವರ ಪೈಕಿ ಡೆಕ್ಸಾ ಇಲ್ಲದವರಲ್ಲಿ ನೂರಕ್ಕೆ 41 ಮಂದಿ 28 ದಿನದೊಳಗೆ ತೀರಿಕೊಂಡರೆ, ಡೆಕ್ಸಾ ಪಡೆದವರಲ್ಲಿ 29. ಬರೀ ಆಮ್ಲಜನಕದ ಮೇಲಿದ್ದವರಿಗೂ ಲಾಭವಾಯಿತು, ಅಷ್ಟು ದೊಡ್ಡದಲ್ಲ. ಅದೇ ತಿಂಗಳ ಕೊನೆಗೆ ಭಾರತ ಸರ್ಕಾರವೂ ತನ್ನ ಚಿಕಿತ್ಸಾ ಸೂಚಿಗೆ ಡೆಕ್ಸಾ ಸೇರಿಸಿತು.

ಪತ್ರಿಕೆಗಳ ತಲೆಬರಹದಲ್ಲಿ ಹಿಡಿಸದೆ ಹೋದದ್ದು ಮೂರನೇ ಗುಂಪು. ಆಸ್ಪತ್ರೆಗೆ ಸೇರಿದ್ದರೂ ಆಮ್ಲಜನಕ ಬೇಕಾಗದವರು. ಅವರಲ್ಲಿ ಡೆಕ್ಸಾ ಇಲ್ಲದೆ ಸತ್ತವರು ನೂರಕ್ಕೆ 14, ಡೆಕ್ಸಾ ಪಡೆದು ಸತ್ತವರು 17.8. ಈ ಅಂತರ ಆಕಸ್ಮಿಕವೂ ಇರಬಹುದು ಎನ್ನುತ್ತದೆ ಸಂಖ್ಯಾಶಾಸ್ತ್ರ. ಲಾಭವಂತೂ ಕಾಣಲಿಲ್ಲ.

ಒಂದೇ ಮದ್ದು, ಒಂದೇ ರೋಗ, ಹಾಗಿದ್ದೂ ಹೀಗೇಕೆ? ಮೊದಲ ವಾರ ವೈರಸ್ಸಿನದು. ಅದು ಮರಿ ಹಾಕಿ ಹಬ್ಬುವಾಗ ಮೈಯ ಕಾವಲುಪಡೆ ಎಚ್ಚರವಾಗಿರಬೇಕು. ಕೆಲವರಲ್ಲಿ, ಒಂದು ವಾರದ ಆಚೀಚೆ, ಆ ಪಡೆಯೇ ಹುಚ್ಚೆದ್ದು ಶ್ವಾಸಕೋಶದ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಗಾಳಿ ತುಂಬಬೇಕಾದ ಪುಟ್ಟ ಚೀಲಗಳಲ್ಲಿ ನೀರು ತುಂಬುತ್ತದೆ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುತ್ತದೆ. ಸ್ಟೀರಾಯ್ಡ್ ಜೀವಕೋಶದ ಒಳಹೊಕ್ಕು, ಉರಿಯೂತ ಹುಟ್ಟಿಸುವ ವಂಶವಾಹಿಗಳ ಬಾಯಿ ಮುಚ್ಚಿಸುತ್ತದೆ. ವೈರಸ್ಸನ್ನು ಅದು ಮುಟ್ಟುವುದೂ ಇಲ್ಲ. ಮೊದಲ ವಾರವೇ ಕೊಟ್ಟರೆ ಕಾವಲುಗಾರನ ಕೈ ಕಟ್ಟಿ ಕಳ್ಳನಿಗೆ ಬಾಗಿಲು ತೆರೆದ ಹಾಗೆ. ಉಪ್ಪುನೀರಿನ ಅಂಚಿನ ಗಜನಿ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಬ್ಬರಕ್ಕೆ ಮುಚ್ಚಿ ಇಳಿತಕ್ಕೆ ತೆರೆಯುವ ಕಟ್ಟಿನ ಬಾಗಿಲು ಹೊತ್ತು ತಪ್ಪಿದರೆ ಏನಾಗುತ್ತದೆಂದು ಅವರು ಕಂಡವರು.

ಹೊತ್ತು ತಿಳಿಸುವುದು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಅಂಕ 94ಕ್ಕಿಂತ ಕೆಳಗಿಳಿದು ಆಮ್ಲಜನಕ ಬೇಕಾದಾಗ ಸ್ಟೀರಾಯ್ಡಿನ ಸರದಿ. ಕೋವಿಡ್‌ನ ಕುತಂತ್ರವೆಂದರೆ, ಅಂಕ 85ಕ್ಕೆ ಬಂದರೂ ಕೆಲವರು ಆರಾಮಾಗಿ ಮಾತಾಡುತ್ತಿದ್ದರು. ಹಾಗಾಗಿ ಮನೆಮನೆಗೆ ಹೋಗಿ ಬೆರಳು ಹಿಡಿದು ನೋಡಿದ ಆಶಾ ಕಾರ್ಯಕರ್ತೆಯ ಕೆಲಸಕ್ಕೆ ವೈದ್ಯರ ಚೀಟಿಯಷ್ಟೇ ಬೆಲೆ ಇತ್ತು.

ಅಂಕ ಇಳಿದ ಮೇಲೆ ದಾರಿಯ ಲೆಕ್ಕ. ಬೆಳಂಬಾರದಿಂದ ಅಂಕೋಲಾ ತಾಲೂಕು ಆಸ್ಪತ್ರೆ ಹತ್ತಿರ. ಐಸಿಯು ಬೇಕೆಂದರೆ ಕಾರವಾರದ ಕ್ರಿಮ್ಸ್ ಆಸ್ಪತ್ರೆ, ಅದನ್ನೂ ದಾಟಿದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂಬ ಕೂಗು ಕೋವಿಡ್‌ಗೂ ಮೊದಲು, 2019ರಲ್ಲೇ ಜಾಲತಾಣಗಳಲ್ಲಿ ಜೋರಾಗಿ ಎದ್ದಿತ್ತು. 2021ರ ಮೇ ಎಂದರೆ, ಉಸಿರು ಸಿಗದವರಿಗೆ ಟೋಸಿಲಿಜುಮ್ಯಾಬ್ ಎಂಬ ಇಂಜೆಕ್ಷನ್ ತನ್ನಿ ಎಂದು ಚೀಟಿ ಬರೆದುಕೊಟ್ಟ ದಿನಗಳು. ಒಂದು ಬಾಟ್ಲಿಗೆ ಸುಮಾರು 40 ಸಾವಿರ ರೂಪಾಯಿ, ಹೊರದೇಶದಿಂದ ಬರಬೇಕು, ದುಡ್ಡಿದ್ದರೂ ಸಿಗುತ್ತಿರಲಿಲ್ಲ. ಅದು ಕೆಲಸಕ್ಕೆ ಬರುವ ಮದ್ದೇ. ರಿಕವರಿ ಪ್ರಯೋಗದಲ್ಲಿ ಅದರಿಂದ ಸಾವು ನೂರಕ್ಕೆ 35ರಿಂದ 31ಕ್ಕೆ ಇಳಿದಿತ್ತು. ಅಲ್ಲೂ ಹೆಚ್ಚಿನವರು ಮೊದಲೇ ಸ್ಟೀರಾಯ್ಡ್ ಪಡೆದವರು. ಇಲ್ಲಿ ಮಾತ್ರ ಅಗ್ಗದ್ದನ್ನು ಜ್ವರ ಬಂದ ಮೊದಲ ದಿನವೇ ನುಂಗಿಸಿ, ದುಬಾರಿಯದಕ್ಕೆ ಒಡವೆ ಅಡವಿಟ್ಟರು.

ಹೊತ್ತಲ್ಲದ ಹೊತ್ತಿನಲ್ಲಿ ಸ್ಟೀರಾಯ್ಡ್ ನುಂಗಿದ್ದರ ಬಾಕಿ ಬೇಗನೆ ಬಂತು. ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ, ರೋಗನಿರೋಧಕ ಶಕ್ತಿ ಕುಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರ ಮೂಗು, ಕಣ್ಣು, ದವಡೆಗಳಲ್ಲಿ ಕಪ್ಪು ಶಿಲೀಂಧ್ರ ಬೇರೂರಿತು. ಅದೇ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ತೀರಾ ಬೇಗ, ತೀರಾ ಹೆಚ್ಚು, ತೀರಾ ದಿನಗಟ್ಟಲೆ ಸ್ಟೀರಾಯ್ಡ್ ಕೊಟ್ಟರೆ ಇಂಥ ಸೋಂಕಿನ ಅಪಾಯವಿದೆಯೆಂದು 2022ರ ಜನವರಿಯ ಕೇಂದ್ರದ ಸೂಚಿ ಸ್ಪಷ್ಟವಾಗಿಯೇ ಬರೆಯಿತು. ಆ ಹೊತ್ತಿಗೆ ಎಷ್ಟೋ ಜನ ಕಣ್ಣು ಕಳೆದುಕೊಂಡಿದ್ದರು.

ಕೋವಿಡ್‌ನಲ್ಲಿ ಕಲಿತದ್ದನ್ನು ಎಲ್ಲ ಕೆಮ್ಮುಜ್ವರಕ್ಕೂ ಎಳೆಯುವ ಹಾಗಿಲ್ಲ. ಮಳೆಗಾಲದಲ್ಲಿ ಬರುವ ಇನ್‌ಫ್ಲುಯೆಂಜಾ ಕೂಡ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರಲ್ಲಿ ಸ್ಟೀರಾಯ್ಡ್ ಪಡೆದವರಲ್ಲೇ ಸಾವು ಹೆಚ್ಚು ಎಂದು ಹಲವು ಅವಲೋಕನಗಳು ಹೇಳಿವೆ. ತೀವ್ರ ಇನ್‌ಫ್ಲುಯೆಂಜಾಕ್ಕೆಂದೇ ಸ್ಟೀರಾಯ್ಡ್ ಕೊಡುವುದು ಬೇಡ ಎಂಬ ಕಡೆಗೇ ವಿಶ್ವ ಆರೋಗ್ಯ ಸಂಸ್ಥೆಯ 2024ರ ಸಲಹೆ ವಾಲುತ್ತದೆ.

ಇಷ್ಟು ಓದಿದ ಮೇಲೆ ಎದ್ದು ಕಪಾಟಿನ ಮದ್ದಿನ ಡಬ್ಬಿ ತೆರೆಯಿರಿ. 2021ರಲ್ಲಿ ಉಳಿದ ಪುಟ್ಟ ಸ್ಟೀರಾಯ್ಡ್ ಮಾತ್ರೆಗಳ ಸ್ಟ್ರಿಪ್ ಇನ್ನೂ ಇದ್ದರೆ, ಮೊಮ್ಮಗನ ಜ್ವರಕ್ಕೆಂದು ಎತ್ತಿಡಬೇಡಿ, ಬಿಸಾಡಿ. ಪಕ್ಕದಲ್ಲೇ ಬಿದ್ದಿರುವ ಆಕ್ಸಿಮೀಟರ್‌ಗೆ ಹೊಸ ಸೆಲ್ ಹಾಕಿಡಿ.