ಸಮುದ್ರ ದಾಟುವ ಬೇಸಗೆ ಯಾರ ಪಾಲಿಗೆ?

ಕೋಲಾರ ಜಿಲ್ಲೆಗೆ ಕಡಲಿಲ್ಲ, ವರ್ಷವಿಡೀ ಹರಿಯುವ ನದಿಯೂ ಇಲ್ಲ. ಆದರೂ ಇಲ್ಲಿ ಸಮುದ್ರವುಂಟು, ಊರಿನ ಹೆಸರಿನಲ್ಲಿ. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ ಅಂಥದೊಂದು ಊರು. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ಈ ಬಯಲುಸೀಮೆಯ ಹಳೆಯ ರೂಢಿ. ನಿಜವಾದ ಸಮುದ್ರವಾದರೋ ದೂರದ್ದಷ್ಟೇ ಅಲ್ಲ, ಮೇಲ್ಜಾತಿಗಳ ಪಾಲಿಗೆ ದಾಟಬಾರದ್ದೂ ಆಗಿತ್ತು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪಾತಕಗಳ ಸಾಲಿಗೆ ಸೇರಿಸಿದೆ. ಹಡಗು ಹತ್ತಿ ಹೋಗಿ ಬಂದವರಿಗೆ ಪ್ರಾಯಶ್ಚಿತ್ತ ವಿಧಿಸುವ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಉಳಿದಿತ್ತು.

ಆ ಕಾಲ ಮುಗಿಯಿತು. ದೇವರಾಯಸಮುದ್ರದಿಂದ ಎರಡು-ಮೂರು ಗಂಟೆಯ ದಾರಿಯಲ್ಲಿರುವ ಬೆಂಗಳೂರಿನಲ್ಲಿ, ಪರೀಕ್ಷೆ ಮುಗಿಸಿದ ನಾಲ್ಕೈದು ಮಂದಿ ಗೆಳೆಯರು ಬೆನ್ನಿಗೊಂದು ಚೀಲ ಏರಿಸಿ ಬ್ಯಾಂಕಾಕಿಗೋ ಹನೋಯ್‌ಗೋ, ಮನೆಯಲ್ಲಿ ಅನುಕೂಲವಿದ್ದರೆ ಯುರೋಪಿಗೋ ಹೊರಡುವುದು ಈಗ ಅಪರೂಪವಲ್ಲ. 2023ರ ಕೊನೆಯಲ್ಲಿ ಥಾಯ್ಲೆಂಡ್ ಮತ್ತು ಮಲೇಷ್ಯಾ ದೇಶಗಳು ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಘೋಷಿಸಿದಾಗ ಈ ಓಡಾಟ ಇನ್ನಷ್ಟು ಹೆಚ್ಚಿತು. ಹೋಟೆಲಿನ ಕೋಣೆಯ ಬದಲು ಹಾಸ್ಟೆಲಿನ ಒಂದು ಮಂಚ, ಟ್ಯಾಕ್ಸಿಯ ಬದಲು ಊರಿನ ಬಸ್ಸು, ಬೀದಿ ಬದಿಯ ಊಟ. ಬ್ಯಾಕ್‌ಪ್ಯಾಕಿಂಗ್ ಎಂದರೆ ಇಷ್ಟೇ. ಹೀಗೆ ಹೊರಟು ನಿಂತ ಮಗನನ್ನೋ ಮಗಳನ್ನೋ ಕಂಡಾಗ ಮಧ್ಯಮ ವರ್ಗದ ಮನೆಗಳಲ್ಲಿ ಏಳುವ ಪ್ರಶ್ನೆಯೂ ಒಂದೇ: ಇದರಿಂದ ಏನು ಪ್ರಯೋಜನ?

ಪ್ರಶ್ನೆ ಸಹಜವಾದುದೇ. ವಿದೇಶ ಪ್ರಯಾಣಕ್ಕೆ ನಮ್ಮ ಸಮಾಜ ಎರಡು ಕಾರಣಗಳನ್ನು ಮಾತ್ರ ಮನಸಾರೆ ಒಪ್ಪಿದೆ. ಒಂದು ಓದು, ಇನ್ನೊಂದು ಸಂಪಾದನೆ. ಸುಮ್ಮನೆ ನೋಡಿಬರಲು ಹೋಗುವುದು ವಯಸ್ಸಾದವರ ಭಾಗ್ಯವೆಂದು ಭಾವಿಸಿದ್ದೇವೆ. ನಮ್ಮ ಪ್ರವಾಸ ಸಾಹಿತ್ಯವನ್ನೇ ನೋಡಿ. ‘ಅಪೂರ್ವ ಪಶ್ಚಿಮ’ದ ಯುರೋಪ್ ಪ್ರವಾಸದ ಕಾಲಕ್ಕೆ ಶಿವರಾಮ ಕಾರಂತರು ಐವತ್ತರ ಆಸುಪಾಸಿನಲ್ಲಿದ್ದರು. ಕೇಂದ್ರ ಸಾಹಿತ್ಯ ಅಕಾಡೆಮಿಯ 1980ರ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಕೃತಿಯ ಕರ್ತೃ ಆ ದೇಶ ಕಂಡದ್ದು ಎಪ್ಪತ್ತು ದಾಟಿದ ಮೇಲೆ. ದೇಶ ಸುತ್ತು, ಕೋಶ ಓದು ಎಂಬ ಗಾದೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು ಅದರ ಎರಡನೆಯ ಮಾತಿಗೆ ಫೀಸು ಕಟ್ಟುತ್ತೇವೆ. ಮೊದಲನೆಯದನ್ನು ನಿವೃತ್ತಿಯ ನಂತರಕ್ಕೆ ಮುಂದೂಡುತ್ತೇವೆ.

ಹರೆಯದಲ್ಲಿ ಹೊರಟವರಿಗೆ ದಕ್ಕುವುದೇನು ಎಂಬುದಕ್ಕೆ ಬೆಂಗಳೂರಿನಲ್ಲೇ ಮೊಳೆತ ಒಂದು ದೃಷ್ಟಾಂತವಿದೆ. 1961ರ ಸೆಪ್ಟೆಂಬರಿನಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ತಮ್ಮ 89ನೆಯ ವಯಸ್ಸಿನಲ್ಲಿ ಅಣ್ವಸ್ತ್ರ ವಿರೋಧಿ ಚಳವಳಿಗಾಗಿ ಜೈಲು ಸೇರಿದರು. ಆ ಸುದ್ದಿಯನ್ನು ಬೆಂಗಳೂರಿನ ಕಾಫಿ ಹೋಟೆಲೊಂದರಲ್ಲಿ ಕುಳಿತು ಓದಿದವರು ರಾಜಸ್ಥಾನದ ಸತೀಶ್ ಕುಮಾರ್ ಮತ್ತು ಕೇರಳದ ಇ.ಪಿ. ಮೆನನ್. ಇಬ್ಬರೂ ವಿನೋಬಾ ಭಾವೆಯವರ ಪ್ರಭಾವಕ್ಕೆ ಒಳಗಾಗಿದ್ದ ಯುವಕರು. ತೊಂಬತ್ತರ ಹೊಸ್ತಿಲಲ್ಲಿರುವ ವೃದ್ಧರೊಬ್ಬರು ಜೈಲಿಗೆ ಹೋಗುವಾಗ ತಾವು ಕಾಫಿ ಕುಡಿಯುತ್ತ ಕುಳಿತಿರುವುದೇ ಎಂಬ ಅಳುಕು ಅವರನ್ನು ಕಾಡಿತು. ಅಂದು ಅಣ್ವಸ್ತ್ರ ಹೊಂದಿದ್ದ ನಾಲ್ಕು ರಾಷ್ಟ್ರಗಳ ರಾಜಧಾನಿಗಳಾದ ಮಾಸ್ಕೊ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗಳಿಗೆ ನಡೆದೇ ಹೋಗಲು ನಿಶ್ಚಯಿಸಿದರು. ವಿನೋಬಾ ಹರಸಿ, ಎರಡು ನಿಯಮ ಹಾಕಿಕೊಟ್ಟರು: ಕೈಯಲ್ಲಿ ಹಣವಿರಕೂಡದು, ಸಸ್ಯಾಹಾರ ಬಿಡಕೂಡದು. 1962ರ ಜೂನ್ 1ರಂದು ಇಬ್ಬರೂ ದೆಹಲಿಯ ರಾಜಘಾಟಿನಿಂದ ಹೊರಟರು.

ಪಾಕಿಸ್ತಾನದ ಗಡಿಯಲ್ಲಿ ಸ್ನೇಹಿತರೊಬ್ಬರು ಬುತ್ತಿಯ ಪೊಟ್ಟಣಗಳನ್ನು ತಂದರು. ಶತ್ರು ದೇಶದಲ್ಲಿ ಅನ್ನ ಹುಟ್ಟದೆಂಬ ಚಿಂತೆ ಅವರದು. ಆ ಪೊಟ್ಟಣಗಳಲ್ಲಿರುವುದು ಅನ್ನವಲ್ಲ, ಅಪನಂಬಿಕೆ ಎಂದು ಯಾತ್ರಿಕರು ಅದನ್ನು ಹಿಂದಿರುಗಿಸಿದರು. ಗಡಿ ದಾಟಿದೊಡನೆ, ಇವರ ವಿಷಯ ತಿಳಿದು ಕಾಯುತ್ತಿದ್ದ ಅಪರಿಚಿತರೊಬ್ಬರು ಇವರನ್ನು ಲಾಹೋರಿನ ತಮ್ಮ ಮನೆಗೆ ಕರೆದೊಯ್ದರು. ಮುಂದೆ ಆಫ್ಘಾನಿಸ್ತಾನ, ಇರಾನ್ ಮಾರ್ಗವಾಗಿ ಸೋವಿಯತ್ ಒಕ್ಕೂಟ ಸೇರಿದಾಗ, ಚಹಾ ಕಾರ್ಖಾನೆಯೊಂದರ ಹೆಣ್ಣುಮಗಳು ನಾಲ್ಕು ಪೊಟ್ಟಣ ಚಹಾಪುಡಿ ಕೊಟ್ಟು, ನಾಲ್ಕೂ ದೇಶಗಳ ನಾಯಕರಿಗೆ ತಲುಪಿಸಲು ಹೇಳಿದಳು. ಬಾಂಬಿನ ಗುಂಡಿ ಒತ್ತುವ ಮನಸ್ಸಾದಾಗ ಅವರು ಒಂದು ಗಳಿಗೆ ನಿಂತು ಚಹಾ ಕುಡಿಯಲಿ ಎಂಬುದು ಅವಳ ಆಶಯ. ಪ್ಯಾರಿಸ್ಸಿನಲ್ಲಿ ಇಬ್ಬರೂ ಬಂಧನಕ್ಕೊಳಗಾದರು. ರಸೆಲ್ ಅವರನ್ನು ಕಂಡರು; ಅಟ್ಲಾಂಟಿಕ್ ದಾಟಲು ಹಡಗಿನ ಟಿಕೆಟಿಗೆ ಅವರ ನೆರವು ಒದಗಿತು. 1964ರ ಜನವರಿಯಲ್ಲಿ ವಾಷಿಂಗ್ಟನ್ ತಲುಪುವ ಹೊತ್ತಿಗೆ ಸುಮಾರು 8,000 ಮೈಲಿಯ ದಾರಿ ಹಿಂದೆ ಸರಿದಿತ್ತು.

ಇದು ಒಂದು ಬೇಸಗೆಯ ವಿಹಾರವಾಗಿರಲಿಲ್ಲ, ನಿಜ. ಹಣವಿಲ್ಲದೆ ಹೊರಡಿ ಎಂದು ಇಂದಿನ ಯಾರಿಗೂ ಹೇಳುವಂತಿಲ್ಲ. ಆದರೆ ಪ್ರಯೋಜನವೇನು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ. ನೆರೆಯ ದೇಶದ ಬಗ್ಗೆ ಕೇಳಿ ಬೆಳೆದ ಮಾತುಗಳನ್ನು ಅಪರಿಚಿತರೊಬ್ಬರ ಆತಿಥ್ಯ ತಿದ್ದಿತು. ಪುಳಿಯೋಗರೆಯ ಗೊಜ್ಜನ್ನೂ ಅಡುಗೆಯವರನ್ನೂ ಜೊತೆಗೆ ಕರೆದೊಯ್ಯುವ, ಬೆಳಿಗ್ಗೆ ಒಂದು ನಗರ, ಸಂಜೆ ಇನ್ನೊಂದು ನಗರ ತೋರಿಸುವ ಪ್ಯಾಕೇಜ್ ಪ್ರವಾಸದಲ್ಲಿ ಇದು ಒದಗುವುದಿಲ್ಲ. ಪರರನ್ನು ನಂಬಿ ನಡೆಯಲೇಬೇಕಾದ ಸ್ಥಿತಿ ಅಲ್ಲಿ ಬರುವುದೇ ಇಲ್ಲ. ನೆಲದ ಮೇಲೆ ಮಲಗಲು ಅಂಜದ, ಅಭಿಪ್ರಾಯಗಳು ಇನ್ನೂ ಗಟ್ಟಿಯಾಗದ ವಯಸ್ಸಿನಲ್ಲಿ ಮಾತ್ರ ಅದು ಶಿಕ್ಷಣವಾಗಬಲ್ಲದು.

ಹಾಗಿದ್ದರೆ ಈ ಶಿಕ್ಷಣ ಯಾರಿಗೆ ಸಿಗುತ್ತಿದೆ? ಕಾನೂನಿನ ಮಟ್ಟಿಗೆ ಎಲ್ಲರಿಗೂ. ಪರದೇಶಕ್ಕೆ ಹೋಗುವುದು ಸರ್ಕಾರದ ಕೃಪೆಯೋ ಪ್ರಜೆಯ ಹಕ್ಕೋ ಎಂಬ ಪ್ರಶ್ನೆ ಬಂದಾಗ, ಅದು ಹಕ್ಕು ಎಂದು ಎತ್ತಿಹಿಡಿದ ನ್ಯಾಯಾಲಯಗಳಲ್ಲಿ ಆಗಿನ ಮೈಸೂರು ಹೈಕೋರ್ಟೂ ಒಂದು. ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ವಿದೇಶ ಪ್ರಯಾಣವೂ ಸೇರಿದೆ ಎಂದು 1965ರಲ್ಲಿ ಸದಾಶಿವರಾವ್ ಪ್ರಕರಣದಲ್ಲಿ ಅದು ತೀರ್ಪಿತ್ತಿತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂವರು ನ್ಯಾಯಮೂರ್ತಿಗಳ ಬಹುಮತದಿಂದ ಇದೇ ನಿಲುವು ತಳೆಯಿತು. ಪಾಸ್‌ಪೋರ್ಟ್ ಕಾಯ್ದೆ ಬಂದದ್ದು ಅದರ ಬೆನ್ನಿಗೇ. ಅರವತ್ತರ ದಶಕದ ಕೊನೆಯಲ್ಲಿ ವಿದೇಶಕ್ಕೆ ಹೊರಟವರ ಕೈಗೆ ಸಿಗುತ್ತಿದ್ದುದು 8 ಡಾಲರ್. 2004ರಲ್ಲಿ ರಿಸರ್ವ್ ಬ್ಯಾಂಕ್ ವರ್ಷಕ್ಕೆ 25,000 ಡಾಲರ್‌ವರೆಗೆ ಅವಕಾಶ ನೀಡಿತು, ಮುಂದೆ ಆ ಮಿತಿ 2,50,000ಕ್ಕೆ ಏರಿತು.

ಕಾಗದದ ಮೇಲಿನ ಈ ಹಕ್ಕು ದೇವರಾಯಸಮುದ್ರದಂಥ ಊರಿಗೆ ತಲುಪುವ ಹೊತ್ತಿಗೆ ಸೊರಗುತ್ತದೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಮುದ್ರೆ ಹಾಕುವ ಪದ್ಧತಿ ಕೂಲಿಗೆಂದು ಹೋಗುವವರ ಶೋಷಣೆ ತಡೆಯಲು ಬಂದದ್ದು, ಉದ್ದೇಶ ಒಳ್ಳೆಯದೇ. ಆದರೆ ಅಂಥವರು ಸುಮ್ಮನೆ ಊರು ನೋಡಿಬರಲು ಹೊರಟರೂ 2007ರ ಅಕ್ಟೋಬರಿನವರೆಗೆ ಪ್ರತ್ಯೇಕ ಅನುಮತಿ ಪಡೆಯಬೇಕಿತ್ತು. ಓದದವನು ವಿದೇಶಕ್ಕೆ ದುಡಿಯಲು ಮಾತ್ರ ಹೋದಾನು ಎಂಬ ಊಹೆ ಅದರ ಹಿಂದಿತ್ತು. ಆ ನಿಯಮ ಹೋಯಿತು, ಊಹೆ ಹೋಗಿಲ್ಲ. ಯುರೋಪಿನ ಷೆಂಗೆನ್ ವೀಸಾ ಬೇಕೆಂದರೆ 2024ರ ಜೂನಿನಿಂದ 90 ಯೂರೊ ಶುಲ್ಕ, ಕನಿಷ್ಠ 30,000 ಯೂರೊ ಮೊತ್ತದ ಆರೋಗ್ಯ ವಿಮೆ, ಜೊತೆಗೆ ಬ್ಯಾಂಕ್ ಖಾತೆಯ ವಿವರ. ಆದಾಯ ತೆರಿಗೆಯ ರಿಟರ್ನ್, ನೌಕರಿಯಿಂದ ರಜೆಯ ಪತ್ರ ಮುಂತಾದವನ್ನೂ ಸಾಮಾನ್ಯವಾಗಿ ಕೇಳಲಾಗುತ್ತದೆ. ನಮ್ಮಲ್ಲಿ ಕೃಷಿ ಆದಾಯಕ್ಕೆ ತೆರಿಗೆಯಿಲ್ಲ. ಎರಡೆಕರೆಯಲ್ಲಿ ಟೊಮೆಟೊ ಬೆಳೆಯುವವನ ಮಗ ಯಾವ ರಿಟರ್ನ್ ತೋರಿಸಬೇಕು?

ಬೇಸಗೆ ಎಂಬ ಪದದ ಅರ್ಥವೂ ಇಲ್ಲಿ ಬೇರೆಯೇ. ನಗರದ ವಿದ್ಯಾರ್ಥಿಗೆ ಅದು ರಜೆ. ಶ್ರೀನಿವಾಸಪುರದ ತೋಪುಗಳಲ್ಲಿ ಅದು ಮಾವು ಕೀಳುವ ಕಾಲ. ಮನೆಯ ಹುಡುಗರೆಲ್ಲ ಕೈಗೂಡಿಸಬೇಕಾದ ವಾರಗಳವು. ಇತ್ತ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಐಫೋನುಗಳನ್ನು ಜೋಡಿಸುತ್ತಾರೆ. ಅವು ಗಡಿ ದಾಟಿ ಮಾರಾಟವಾಗುತ್ತವೆ. ಜೋಡಿಸಿದ ಕೈಗಳಿಗೆ ಆ ಭಾಗ್ಯವಿಲ್ಲ.

ಹಾಗೆಂದು ಈ ಮಕ್ಕಳಿಗೆ ಅರ್ಹತೆ ಕಡಿಮೆಯೇನಲ್ಲ. ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಆಂಧ್ರಕ್ಕೂ ತಮಿಳುನಾಡಿಗೂ ತೆರೆದುಕೊಂಡ ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದನ್ನು ಬಾಲ್ಯದಲ್ಲೇ ಕಲಿತವರಿಗೆ, ಅರಿಯದ ಊರಿನಲ್ಲಿ ಸನ್ನೆ, ನಗೆ, ಅರೆಬರೆ ಮಾತುಗಳಲ್ಲಿ ದಾರಿ ಕಂಡುಕೊಳ್ಳುವುದು ಕಷ್ಟವಾಗದು. ಇಂಗ್ಲಿಷ್ ಒಂದನ್ನೇ ನಂಬಿ ಹೊರಡುವ ನಗರದ ಮಕ್ಕಳಿಗಿಂತ ಅವರು ಒಂದು ಹೆಜ್ಜೆ ಮುಂದೆಯೇ ಇದ್ದಾರೆ.

ಹಂಪಿಯಲ್ಲೂ ಗೋಕರ್ಣದಲ್ಲೂ ಬೆನ್ನುಚೀಲ ಹೊತ್ತ ಯುರೋಪಿನ ಯುವಕರನ್ನು ದಶಕಗಳಿಂದ ಕಂಡವರು ನಾವು. ಅವರೆಲ್ಲ ಸಿರಿವಂತರ ಮಕ್ಕಳೆಂದು ತಿಳಿದರೆ ತಪ್ಪು. ಅವರ ಅಲೆದಾಟಕ್ಕೆ ಅಲ್ಲಿನ ಸಮಾಜ ಏರ್ಪಾಡು ಮಾಡಿಕೊಟ್ಟಿತು. 1909ರಲ್ಲಿ ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್ಮನ್, ಮಕ್ಕಳೊಂದಿಗೆ ಕಾಲ್ನಡಿಗೆ ಪ್ರವಾಸದಲ್ಲಿದ್ದಾಗ ಬಿರುಮಳೆಗೆ ಸಿಕ್ಕಿ ಶಾಲೆಯೊಂದರಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳು ಎಳೆಯ ಯಾತ್ರಿಕರ ತಂಗುದಾಣವಾಗಬಾರದೇಕೆ ಎಂಬ ಯೋಚನೆ ಅಲ್ಲಿ ಹುಟ್ಟಿತು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ನೆಲೆಗೊಂಡಿತು. 1972ರಲ್ಲಿ 21 ವರ್ಷದೊಳಗಿನವರಿಗಾಗಿ ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಒಂದೇ ಪಾಸ್ ನೀಡುವ ಇಂಟರ್‌ರೇಲ್ ಬಂತು. 2018ರಿಂದ ಐರೋಪ್ಯ ಒಕ್ಕೂಟ ತನ್ನ 18 ವರ್ಷದ ಯುವಜನರಲ್ಲಿ ಆಯ್ದ ಸಾವಿರಾರು ಮಂದಿಗೆ ಉಚಿತ ಪಾಸ್ ಕೊಡುತ್ತಿದೆ. ಎರಡು ಮಹಾಯುದ್ಧಗಳಲ್ಲಿ ಪರಸ್ಪರ ಕೊಂದುಕೊಂಡ ಖಂಡವೊಂದು ತನ್ನ ಎಳೆಯರು ಒಬ್ಬರ ಊರನ್ನೊಬ್ಬರು ಕಾಣಲಿ ಎಂದು ಹಣ ವೆಚ್ಚ ಮಾಡುತ್ತಿರುವುದು ದುಂದಲ್ಲ.

ನಾವೂ ಸಣ್ಣದಾಗಿ ಆರಂಭಿಸಬಹುದು. ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟೂ ಕಡ್ಡಾಯವಲ್ಲ. ಮತದಾರರ ಗುರುತಿನ ಚೀಟಿ ಸಾಕು. ಯಶವಂತಪುರದಿಂದ ಗೋರಖಪುರಕ್ಕೆ ರೈಲಿದೆ. ಅಲ್ಲಿಂದ ಸುನೌಲಿ ಗಡಿ ನೂರು ಕಿಲೋಮೀಟರಿಗೂ ಕಡಿಮೆ. ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60 ರೂಪಾಯಿ. ಶಾಲಾ ಮಕ್ಕಳಿಗೆ ‘ಕರ್ನಾಟಕ ದರ್ಶನ’ ಪ್ರವಾಸ ಏರ್ಪಡಿಸಿದ ಅನುಭವ ಸರ್ಕಾರಕ್ಕಿದೆ. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಐದಾರು ಗೆಳೆಯರು, ಅಥವಾ ಗೆಳತಿಯರು, ತಾವೇ ಯೋಜಿಸಿದ ನೆರೆದೇಶದ ಯಾತ್ರೆಗೆ ರೈಲಿನ ವೆಚ್ಚದಷ್ಟು ನೆರವು ನೀಡುವುದು, ಕಾಲೇಜಿನಲ್ಲೇ ಪಾಸ್‌ಪೋರ್ಟ್ ಅರ್ಜಿ ತುಂಬಿಸುವುದು ಅದಕ್ಕೆ ದೊಡ್ಡ ಹೊರೆಯಾಗದು.

ಕೇಂದ್ರ ಸರ್ಕಾರಕ್ಕೂ ಇಲ್ಲಿ ಕೆಲಸವಿದೆ. ಒಂದು ವರ್ಷದ ಮಟ್ಟಿಗೆ ದುಡಿಯುತ್ತಲೇ ದೇಶ ನೋಡಲು 18ರಿಂದ 30 ವರ್ಷದ ಭಾರತೀಯರಿಗೆ ಆಸ್ಟ್ರೇಲಿಯಾ ವಿಶೇಷ ವೀಸಾ ತೆರೆದಾಗ, 2024ರ ಅಕ್ಟೋಬರಿನಲ್ಲಿ ಕೇವಲ 1,000 ಸ್ಥಾನಗಳಿಗೆ ಎರಡು ವಾರಗಳಲ್ಲಿ ಸುಮಾರು 40,000 ಅರ್ಜಿಗಳು ಬಂದವು. ಹಸಿವು ಎಷ್ಟಿದೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ವ್ಯಾಪಾರ ಒಪ್ಪಂದಗಳ ಮೇಜಿನ ಮೇಲೆ ಸುಂಕದ ಜೊತೆಗೆ ಇಂಥ ಸ್ಥಾನಗಳ ಸಂಖ್ಯೆಯೂ ಚರ್ಚೆಯಾಗಬೇಕು. ಚೀಟಿ ಎತ್ತುವ ಆಯ್ಕೆಯಲ್ಲಿ ಬೆಂಗಳೂರಿನ ಹುಡುಗಿಗೂ ದೇವರಾಯಸಮುದ್ರದ ಹುಡುಗನಿಗೂ ಒಂದೇ ಅವಕಾಶ. ಆದರೆ ಅರ್ಜಿ ಹಾಕುವಷ್ಟು ಇಂಗ್ಲಿಷು, ಪಾಸ್‌ಪೋರ್ಟು ಮತ್ತು ಮಾಹಿತಿ ಆತನಿಗೂ ಇರಬೇಕು.

ಇನ್ನು ಉಳಿಯುವುದು ಮನೆಯವರ ಅನುಮತಿ. ಅದಕ್ಕೆ ಕಾಯ್ದೆಯೂ ಬೇಡ, ಅನುದಾನವೂ ಬೇಡ. ಮುಂದಿನ ಬೇಸಗೆಯಲ್ಲಿ ಮಗಳು ಗೆಳತಿಯರೊಂದಿಗೆ ಹೋಗಿಬರುತ್ತೇನೆ ಎಂದಾಗ, ಪ್ರಯೋಜನವೇನು ಎಂದು ಕೇಳುವ ಮುನ್ನ ಯಾವ ದಾರಿ, ಎಷ್ಟು ದಿನ, ಎಲ್ಲಿ ತಂಗುತ್ತೀರಿ ಎಂದು ಕೇಳಿ, ನಕ್ಷೆ ಬಿಡಿಸಿಕೊಂಡು ಅವಳ ಜೊತೆ ಕುಳಿತುಕೊಳ್ಳಬಹುದು.